ಸಿಲ್ವರ್‌ಸ್ಟೋನ್ ತುಂಬಾ ಜನ, ಗ್ರಿಡ್‌ನಲ್ಲಿ ಅವರ ಹುಡುಗನೇ ಇಲ್ಲ

ಇಂಗ್ಲೆಂಡಿನ ಬೈಕ್ ರೇಸರ್ ಜೇಕ್ ಡಿಕ್ಸನ್ ಮೋಟೋ2 (ಎಲ್ಲಕ್ಕಿಂತ ಮೇಲಿನ ದರ್ಜೆ ಮೋಟೋಜಿಪಿಗೆ ಒಂದು ಮೆಟ್ಟಿಲು ಕೆಳಗಿನದು) ಬಿಟ್ಟು 2026ಕ್ಕೆ ಹೋಂಡಾ ಜೊತೆ ವರ್ಲ್ಡ್ ಸೂಪರ್‌ಬೈಕ್ (ರಸ್ತೆ ಬೈಕುಗಳಿಂದ ಮಾಡಿದ ರೇಸ್ ಬೈಕುಗಳ ಬೇರೆ ವಿಶ್ವ ಸರಣಿ) ಸೇರುತ್ತಾನೆ ಅನ್ನೋ ಸುದ್ದಿ ಬಂದಾಗ ನಮ್ಮ ರೇಸ್ ಹುಚ್ಚರ ಗುಂಪಲ್ಲಿ ಎಲ್ಲರದ್ದೂ ಒಂದೇ ಮಾತು: "ಸ್ಪೇನ್ ಪಾಸ್‌ಪೋರ್ಟ್ ಇದ್ದಿದ್ರೆ ಮೋಟೋಜಿಪಿ ಸೀಟು ಎಂದೋ ಸಿಕ್ಕಿರೋದು." ಅರ್ಧ ನಿಜ ಬಿಡಿ. ಇನ್ನರ್ಧದ ಬಗ್ಗೆ, ಅಂದರೆ ಮೋಟೋಜಿಪಿಯಲ್ಲಿ ಬ್ರಿಟಿಷರೇ ಯಾಕಿಲ್ಲ ಅನ್ನೋದರ ಬಗ್ಗೆ, ನನ್ನದೊಂದು ತಕರಾರಿದೆ. ಸ್ವಲ್ಪ ಉದ್ದ ಆಗುತ್ತೆ. ಬೈಕು ರೇಸು ಅಂದ್ರೆ ತಲೆನೋವು ಅನ್ನೋರು ಸ್ಕ್ರಾಲ್ ಮಾಡ್ಕೊಂಡು ಮುಂದೆ ಹೋಗಿ, ಬೇಜಾರಿಲ್ಲ.

ಡಿಕ್ಸನ್ ಸಾಮಾನ್ಯ ಹುಡುಗ ಅಲ್ಲ. ಅಪ್ಪ ಡ್ಯಾರನ್ ಡಿಕ್ಸನ್ 1995, 1996ರಲ್ಲಿ ಸೈಡ್‌ಕಾರ್ ವಿಶ್ವ ಚಾಂಪಿಯನ್. ಮಗ 2018ರಲ್ಲಿ ಬ್ರಿಟಿಷ್ ಸೂಪರ್‌ಬೈಕ್‌ನಲ್ಲಿ (ಎಲ್ಲರೂ ಬಿಎಸ್‌ಬಿ ಅಂತಲೇ ಕರೆಯೋದು) ಎರಡನೇ ಸ್ಥಾನ ತಗೊಂಡು ಮೋಟೋ2ಗೆ ಹೋದ. ಮೊದಲ ಗೆಲುವು ಸಿಕ್ಕಿದ್ದು 2023ರಲ್ಲಿ, ಆಸೆನ್‌ನಲ್ಲಿ. 2024ರಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಟ್ರ್ಯಾಕಿನಲ್ಲಿ ತನ್ನ ದೇಶದ ಜನರ ಮುಂದೆಯೇ ಗೆದ್ದ. 2025ರ ಶುರುವಿನಲ್ಲಿ ಅರ್ಜೆಂಟೀನಾ, ಆಸ್ಟಿನ್ ಎರಡೂ ಅವನದ್ದೇ. ಆದರೆ ಅಷ್ಟು ಹೊತ್ತಿಗೆ ವಯಸ್ಸು 29. ಮೋಟೋಜಿಪಿ ಮ್ಯಾನೇಜರುಗಳು 29ರ ಹೊಸಬನನ್ನು ತಿರುಗಿಯೂ ನೋಡಲ್ಲ. ಅವರು ಹುಡುಕೋದು 20ರ ಹುಡುಗನನ್ನ.

ಹಾಗಾದ್ರೆ 22ರ ತನಕ ಡಿಕ್ಸನ್ ಎಲ್ಲಿದ್ದ? ಮನೆಯಲ್ಲಿ. ಬ್ರಿಟನ್ನಿನ ಟ್ರ್ಯಾಕುಗಳಲ್ಲಿ. ನನ್ನ ತಕರಾರು ಇರೋದು ಇಲ್ಲೇ.

'ಮನೆ ಗೆದ್ದು ಮಾರು ಗೆಲ್ಲು' ಅನ್ನೋ ಗಾದೆ ಬೈಕ್ ರೇಸಿಂಗ್‌ನಲ್ಲಿ ನಡೆಯಲ್ಲ. ಬ್ರಿಟಿಷ್ ಹುಡುಗರು ಮನೆ ಗೆಲ್ಲೋದರಲ್ಲೇ ಒಳ್ಳೇ ವಯಸ್ಸು ಕಳ್ಕೊಳ್ತಾರೆ. ಅವರ ಮನೆ ಅಷ್ಟು ಚೆನ್ನಾಗಿದೆ! ಬಿಎಸ್‌ಬಿಯಷ್ಟು ಬಿಗಿಯಾದ ರಾಷ್ಟ್ರೀಯ ಸರಣಿ ಪ್ರಪಂಚದಲ್ಲಿ ಇನ್ನೊಂದಿಲ್ಲ ಅಂತ ಯಾರ ಮುಂದೆ ಬೇಕಾದ್ರೂ ವಾದ ಮಾಡ್ತೀನಿ. 2023ರಲ್ಲಿ ಟಾಮಿ ಬ್ರೈಡ್‌ವೆಲ್ ಚಾಂಪಿಯನ್ ಆಗಿದ್ದು ಅರ್ಧ ಪಾಯಿಂಟಿನಲ್ಲಿ. ಮರುವರ್ಷ ಕೈಲ್ ರೈಡ್ ಅದೇ ಬ್ರೈಡ್‌ವೆಲ್‌ನನ್ನು ಸೋಲಿಸಿದ್ದು ಒಂದೇ ಪಾಯಿಂಟಿನಲ್ಲಿ.

ನೋಡಿಲ್ಲದವರು ಕ್ಯಾಡ್ವೆಲ್ ಪಾರ್ಕಿನ ಒಂದು ಲ್ಯಾಪ್ ಯೂಟ್ಯೂಬಲ್ಲಿ ನೋಡಿ. ಲಿಂಕನ್‌ಶೈರ್‌ನ ಗುಡ್ಡದ ಮೇಲೆ ಕಿರಿದಾದ ಟಾರು ದಾರಿ, ಎರಡೂ ಕಡೆ ಹುಲ್ಲು, ಮರ. 'ಮೌಂಟನ್' ಅಂತ ಒಂದು ದಿಬ್ಬ ಬರುತ್ತೆ. ಅದರ ನೆತ್ತಿಯಲ್ಲಿ 200 ಹಾರ್ಸ್‌ಪವರ್ ಸೂಪರ್‌ಬೈಕಿನ ಎರಡೂ ಚಕ್ರ ನೆಲ ಬಿಡುತ್ತವೆ. ರೈಡರ್ ಗಾಳಿಯಲ್ಲೇ ಬೈಕನ್ನು ನೆಟ್ಟಗೆ ಮಾಡ್ಕೊಂಡು ಇಳಿಸಬೇಕು, ಇಳಿದ ಕೂಡಲೇ ಮತ್ತೆ ತಿರುವು. ಅದೂ ಟ್ರ್ಯಾಕ್ಷನ್ ಕಂಟ್ರೋಲ್ ಇಲ್ಲದೆ, ಆ್ಯಂಟಿ-ವೀಲಿ ಇಲ್ಲದೆ. 2012ರಿಂದ ಬಿಎಸ್‌ಬಿಯಲ್ಲಿ ಎಲ್ಲರಿಗೂ ಒಂದೇ ಇಸಿಯು (ಎಂಜಿನ್ ನಿಯಂತ್ರಿಸೋ ಕಂಪ್ಯೂಟರ್), ರೈಡರ್‌ಗೆ ನೆರವಾಗೋ ಎಲೆಕ್ಟ್ರಾನಿಕ್ಸ್ ನಿಷೇಧ. ಹಿಂದಿನ ಚಕ್ರ ಜಾರಿದರೆ ಹಿಡಿಯಬೇಕಾದ್ದು ಬಲಗೈ ಮಣಿಕಟ್ಟು ಮಾತ್ರ.

ಕೇಳೋಕೆ ಭಾರೀ ಗಂಡೆದೆಯ ರೇಸು. ಹೌದು ಕೂಡ. ಆದರೆ ಅಲ್ಲಿ ಕಲಿತದ್ದರಲ್ಲಿ ಮೋಟೋಜಿಪಿಗೆ ಹೊಂದೋದು ಕಮ್ಮಿ. ಮೋಟೋಜಿಪಿಯಲ್ಲಿ ಕಾರ್ಬನ್ ಬ್ರೇಕು, ಬಿಎಸ್‌ಬಿಯಲ್ಲಿ ಸ್ಟೀಲ್ ಡಿಸ್ಕು. ಅಲ್ಲಿ ಮಿಶೆಲಿನ್ ಟೈರು, ಇಲ್ಲಿ ಪಿರೆಲಿ. ಅಲ್ಲಿ ಬೈಕಿನ ಎತ್ತರವನ್ನೇ ಓಡ್ತಾ ಇಳಿಸೋ ಡಿವೈಸು, ರಾಶಿ ರಾಶಿ ಡೇಟಾ. ಎಲ್ಲಕ್ಕಿಂತ ದೊಡ್ಡದು ಟ್ರ್ಯಾಕು. ಸ್ಪೇನಿನ ಹದಿನೈದರ ಹುಡುಗ ಜೂನಿಯರ್ ಜಿಪಿ (ಎಳೆಯರ ಸರಣಿ) ಓಡೋದೇ ಹೆರೆಜ್, ಅರಾಗಾನ್, ವೆಲೆನ್ಸಿಯಾ, ಕ್ಯಾಟಲುನ್ಯಾದಲ್ಲಿ, ಅಂದರೆ ಮುಂದೆ ವಿಶ್ವ ಚಾಂಪಿಯನ್‌ಶಿಪ್ ನಡೆಯೋ ಜಾಗದಲ್ಲೇ. ಬಿಸಿಲಿನ ಊರು, ಚಳಿಗಾಲದಲ್ಲೂ ಟ್ರ್ಯಾಕ್ ತೆರೆದಿರುತ್ತೆ. ಬ್ರಿಟನ್ನಿನಲ್ಲಿ ಸೀಸನ್ ಅಂದರೆ ಈಸ್ಟರ್‌ನಿಂದ ಅಕ್ಟೋಬರ್, ಅದರ ನಡುವೆ ಮಳೆ ಬೇರೆ. ವಯಸ್ಸು ಒಂದೇ ಇದ್ದರೂ ಓಡಿಸಿದ ಗಂಟೆಗಳ ಲೆಕ್ಕ ಹಾಕಿದರೆ ಈ ಹುಡುಗ ಹಿಂದೆ ಬಿದ್ದಿರ್ತಾನೆ.

"ಸ್ಪೇನಿನವರ ರಕ್ತದಲ್ಲೇ ಇದೆ ಮಾರಾಯ" ಅನ್ನೋರಿಗೆ ಒಂದು ಲೆಕ್ಕ. 1949ರಿಂದ 1977ರ ತನಕ 500 ಸಿಸಿ (ಆಗಿನ ಎಲ್ಲಕ್ಕಿಂತ ಮೇಲಿನ ದರ್ಜೆ) ಕಿರೀಟ 17 ಸಲ ಬ್ರಿಟಿಷರ ತಲೆ ಮೇಲಿತ್ತು: ಲೆಸ್ಲಿ ಗ್ರಹಾಂ, ಜೆಫ್ ಡ್ಯೂಕ್, ಜಾನ್ ಸರ್ಟೀಸ್, ಮೈಕ್ ಹೇಲ್‌ವುಡ್, ಫಿಲ್ ರೀಡ್, ಬ್ಯಾರಿ ಶೀನ್. ಸ್ಪೇನಿಗೆ ಆಗ ಸೊನ್ನೆ. ಅವರ ಮೊದಲ 500 ಸಿಸಿ ಚಾಂಪಿಯನ್ ಅಲೆಕ್ಸ್ ಕ್ರಿವಿಯೆ ಬಂದಿದ್ದೇ 1999ರಲ್ಲಿ! ರಕ್ತ ಗಿಕ್ತ ಏನಿಲ್ಲ, ಕೂತು ಕಟ್ಟಿದ ವ್ಯವಸ್ಥೆ ಅದು. ಪುಟ್ಟ ಬೈಕಿನಿಂದ ಹಿಡಿದು ಮೋಟೋ3 (ಮೋಟೋ2ಗಿಂತ ಒಂದು ಮೆಟ್ಟಿಲು ಕೆಳಗೆ) ತನಕ ಒಂದೊಂದೇ ಮೆಟ್ಟಿಲು ಇಟ್ಟರು.

ಆಮೇಲೆ ಮೇಲೆ ಹೋದ ಬ್ರಿಟಿಷರನ್ನೇ ನೋಡಿ, ಹೆಚ್ಚಿನವರು ಆ ಮೆಟ್ಟಿಲು ಹತ್ತಿದವರೇ. ಸ್ಕಾಟ್ ರೆಡ್ಡಿಂಗ್ ಚಿಕ್ಕ ವಯಸ್ಸಲ್ಲೇ ಸ್ಪೇನ್ ಚಾಂಪಿಯನ್‌ಶಿಪ್ ಓಡಿದವನು. 2008ರಲ್ಲಿ ಡಾನಿಂಗ್ಟನ್‌ನಲ್ಲಿ 125 ಸಿಸಿ ರೇಸ್ ಗೆದ್ದಾಗ ಅವನಿಗೆ 15 ವರ್ಷ 170 ದಿನ, ಆಗಿನ ಕಾಲಕ್ಕೆ ದಾಖಲೆ. ಡ್ಯಾನಿ ಕೆಂಟ್ ಎಳೆಯರ ಸರಣಿ ರೆಡ್ ಬುಲ್ ರೂಕೀಸ್ ಕಪ್‌ನಿಂದ ಬಂದವನು. 2015ರಲ್ಲಿ ಮೋಟೋ3 ಗೆದ್ದು, ಶೀನ್ ನಂತರದ ಮೊದಲ ಬ್ರಿಟಿಷ್ ಗ್ರ್ಯಾಂಡ್ ಪ್ರಿ ಚಾಂಪಿಯನ್ ಆದ. ಕೆಂಟ್ ಕಥೆ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ. ಸಿಲ್ವರ್‌ಸ್ಟೋನ್ ಮಳೆಯಲ್ಲಿ ಗೆದ್ದಾಗ ಪಾಯಿಂಟಿನಲ್ಲಿ ಹತ್ತಿರ ಯಾರೂ ಇರಲಿಲ್ಲ, ಕಡೆಗೆ ಮಿಗೆಲ್ ಒಲಿವೆರಾ ಮುಂದೆ ಉಳಿಸಿಕೊಂಡದ್ದು ಆರೇ ಪಾಯಿಂಟ್. ಒಲಿವೆರಾ ಮೋಟೋಜಿಪಿಗೆ ಹೋಗಿ ರೇಸ್ ಗೆದ್ದ. ಕೆಂಟ್ ಮೋಟೋ2ನಲ್ಲಿ ತತ್ತರಿಸಿ, 2017ರ ಶುರುವಿನಲ್ಲೇ ತಂಡ ಬಿಟ್ಟು, ಕೊನೆಗೆ ಬಿಎಸ್‌ಬಿಗೆ ಬಂದ.

ಹೀಗೆ ವಾಪಸ್ ಬಂದವರ ಪಟ್ಟಿ ದೊಡ್ಡದಿದೆ. ಬ್ರಿಟಿಷ್ ಟ್ಯಾಲೆಂಟ್ ಕಪ್‌ನ ಮೊದಲ ಚಾಂಪಿಯನ್ ರೋರಿ ಸ್ಕಿನ್ನರ್ 2023ರಲ್ಲಿ ಮೋಟೋ2 ಓಡಿ ಬಿಎಸ್‌ಬಿಗೆ ಮರಳಿದ. 2022ರ ಬಿಎಸ್‌ಬಿ ಚಾಂಪಿಯನ್ ಬ್ರ್ಯಾಡ್ಲಿ ರೇ ಎರಡು ವರ್ಷ ವರ್ಲ್ಡ್ ಸೂಪರ್‌ಬೈಕ್‌ನ ಸಣ್ಣ ತಂಡದಲ್ಲಿ ಒದ್ದಾಡಿ ಮರಳಿದ. ನಾನು ಅವರನ್ನು ಬೈಯಲ್ಲ. ಮನೆಯಲ್ಲಿ ಸಂಬಳ ಇದೆ, ಒಳ್ಳೇ ಬೈಕಿದೆ, ಬ್ರ್ಯಾಂಡ್ಸ್ ಹ್ಯಾಚ್‌ನಲ್ಲಿ ಹೆಸರು ಕೂಗೋ ಜನ ಇದ್ದಾರೆ. ಹೊರಗೆ ಹೋದರೆ ಕೈಯಿಂದಲೇ ದುಡ್ಡು ಹಾಕಿ ಹದಿನೆಂಟನೇ ಸ್ಥಾನಕ್ಕೆ ಬಡಿದಾಡಬೇಕು. ಯಾರಾದರೂ ಏನು ಮಾಡ್ತಾರೆ? ಬ್ರೆಕ್ಸಿಟ್ ಬಂದ ಮೇಲಂತೂ ಯುರೋಪಿನಲ್ಲಿ 180 ದಿನಕ್ಕೆ 90 ದಿನ ಮಾತ್ರ ಇರಬಹುದು ಅನ್ನೋ ಲೆಕ್ಕ, ಬೈಕು, ಬಿಡಿಭಾಗ ಸಾಗಿಸೋಕೆ ಕಸ್ಟಮ್ಸ್ ಕಾಗದ. ಸಣ್ಣ ಕುಟುಂಬ ಮಗನನ್ನು ವ್ಯಾನಿನಲ್ಲಿ ಹಾಕ್ಕೊಂಡು ಸ್ಪೇನಿಗೆ ಹೋಗೋದು ಮೊದಲಿನಷ್ಟು ಸಲೀಸಲ್ಲ.

ಈಗ ಕ್ರಚ್ಲೋ ಅಭಿಮಾನಿಗಳು ಜಗಳಕ್ಕೆ ಬರ್ತಾರೆ. ಬರಲಿ, ನಾನೂ ಅವರಲ್ಲೊಬ್ಬ. ಕ್ಯಾಲ್ ಕ್ರಚ್ಲೋ ಬಿಎಸ್‌ಬಿಯಿಂದಲೇ ಎದ್ದವನು: 2009ರಲ್ಲಿ ವರ್ಲ್ಡ್ ಸೂಪರ್‌ಸ್ಪೋರ್ಟ್ ಚಾಂಪಿಯನ್, ಒಂದು ವರ್ಷ ವರ್ಲ್ಡ್ ಸೂಪರ್‌ಬೈಕ್, 2011ಕ್ಕೆ ಮೋಟೋಜಿಪಿ. 2012ರಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಕಾಲಿನ ಕೀಲು ಮುರ್ಕೊಂಡು, ಕೊನೆಯ ಜಾಗದಿಂದ ಹೊರಟು ಆರನೆಯವನಾಗಿ ಬಂದ ಪುಣ್ಯಾತ್ಮ. ಚೆಕ್ ದೇಶದ ಬರ್ನೋದಲ್ಲಿ ನಡೆದ 2016ರ ರೇಸಂತೂ ಮರೆಯೋಕೇ ಆಗಲ್ಲ. ಟ್ರ್ಯಾಕ್ ಒದ್ದೆ, ಹೆಚ್ಚಿನವರು ಮೆತ್ತನೆ ಮಳೆ ಟೈರ್ ಹಾಕಿದರೆ ಇವನು ಹಿಂದೆ ಮುಂದೆ ಎರಡೂ ಗಟ್ಟಿ ಮಳೆ ಟೈರ್ ಹಾಕಿದ. ಮೊದಲ ಲ್ಯಾಪುಗಳಲ್ಲಿ ಎಲ್ಲೋ ಹಿಂದೆ. ಟ್ರ್ಯಾಕ್ ಒಣಗಿದಂತೆ ಮುಂದಿದ್ದವರ ಟೈರು ಚೂರು ಚೂರಾಗಿ ಕಿತ್ತು ಬರೋಕೆ ಶುರು, ಇವನು ಒಬ್ಬೊಬ್ಬರನ್ನೇ ನುಂಗಿಕೊಂಡು ಬಂದು ರೊಸ್ಸಿಯನ್ನೂ ಹಿಂದೆ ಹಾಕಿ ಗೆದ್ದ. 1981ರಲ್ಲಿ ಸ್ವೀಡನ್ನಿನಲ್ಲಿ ಶೀನ್ ಗೆದ್ದ ಮೇಲೆ ಎಲ್ಲಕ್ಕಿಂತ ಮೇಲಿನ ದರ್ಜೆಯಲ್ಲಿ ಬ್ರಿಟನ್ನಿಗೆ ಸಿಕ್ಕ ಮೊದಲ ಗೆಲುವು ಅದು. 35 ವರ್ಷ ಕಾದಿದ್ದರು ಸ್ವಾಮಿ!

ಆದರೆ ಕ್ರಚ್ಲೋ ಹತ್ತಿದ ಏಣಿ ಅವನ ಹಿಂದೆಯೇ ಕಳಚಿಬಿತ್ತು. ಜೊನಾಥನ್ ರೀಯನ್ನೇ ತಗೊಳ್ಳಿ. 2015ರಿಂದ 2020ರ ತನಕ ಸತತ ಆರು ವರ್ಲ್ಡ್ ಸೂಪರ್‌ಬೈಕ್ ಪಟ್ಟ. ಮೋಟೋಜಿಪಿ ಓಡಿದ್ದು ಎರಡೇ ರೇಸ್, 2012ರಲ್ಲಿ ಗಾಯಗೊಂಡ ಕೇಸಿ ಸ್ಟೋನರ್ ಬದಲಿಗೆ. ಎಂಟನೇ ಸ್ಥಾನ, ಏಳನೇ ಸ್ಥಾನ, ಅಷ್ಟೇ ಮುಗೀತು. ಅವನು ಗೆದ್ದಿದ್ದು ಕವಾಸಾಕಿ ಮೇಲೆ, ಕವಾಸಾಕಿಯೋ 2009ರಲ್ಲೇ ಮೋಟೋಜಿಪಿಯಿಂದ ಗಂಟುಮೂಟೆ ಕಟ್ಟಿತ್ತು. ಕಂಪನಿಗೆ ಮೇಲೆ ಮನೆಯೇ ಇಲ್ಲ ಅಂದಮೇಲೆ ಚಾಂಪಿಯನ್ನನ್ನು ಎಲ್ಲಿಗೆ ಕಳಿಸುತ್ತೆ?

2020ರಲ್ಲಿ ಕ್ರಚ್ಲೋ ಕೆಳಗಿಳಿದ ಮೇಲೆ ಮೋಟೋಜಿಪಿಯಲ್ಲಿ ಪೂರ್ಣಾವಧಿ ಬ್ರಿಟಿಷ್ ರೈಡರ್ ಒಬ್ಬನೂ ಇಲ್ಲ. ತಮಾಷೆ ಅಂದರೆ, 2019ರಿಂದ ಮೋಟೋ2ನ ಪ್ರತಿ ಬೈಕಿನ ಎಂಜಿನ್ನೂ ಟ್ರಯಂಫ್‌ದು, ಅಪ್ಪಟ ಬ್ರಿಟಿಷ್ ಹೆಸರು. ಅದರ ಮೇಲೆ ಕೂತು ಚಾಂಪಿಯನ್ ಆಗೋರು ಮಾತ್ರ ಬೇರೆಯವರು. (ನಾರ್ಟನ್ ಕಥೆ ಇನ್ನೂ ವಿಚಿತ್ರ. ಜೆಫ್ ಡ್ಯೂಕ್ 1951ರಲ್ಲಿ ವಿಶ್ವ ಚಾಂಪಿಯನ್ ಆದ ಆ ನಾರ್ಟನ್ ಈಗ ನಮ್ಮ ಪಕ್ಕದ ಹೊಸೂರಿನಲ್ಲಿ ಬೈಕ್ ಮಾಡೋ ಟಿವಿಎಸ್‌ನ ಸ್ವತ್ತು, 2020ರಿಂದ.)

ಫಾರ್ಮುಲಾ 1ರಲ್ಲಿ ನೋಡಿ, ಹ್ಯಾಮಿಲ್ಟನ್, ರಸೆಲ್, ಬೇರ್‌ಮನ್, 2025ರ ಚಾಂಪಿಯನ್ ನಾರಿಸ್, ಎಲ್ಲ ಬ್ರಿಟಿಷರೇ. ಯಾಕೆ ಅಂದರೆ ಎಫ್1 ತಂಡಗಳ ವರ್ಕ್‌ಶಾಪ್ ಹೆಚ್ಚಿನವು ಇಂಗ್ಲೆಂಡಿನಲ್ಲೇ ಇವೆ. ಬೈಕಿನ ವರ್ಕ್‌ಶಾಪುಗಳು ಇಟಲಿ, ಸ್ಪೇನ್, ಆಸ್ಟ್ರಿಯಾ, ಜಪಾನ್‌ನಲ್ಲಿ. ಹುಡುಗರು ವರ್ಕ್‌ಶಾಪ್ ಇರೋ ಕಡೆಯೇ ಬೆಳೀತಾರೆ.

ಮುಂದೇನು? 2027ಕ್ಕೆ ಮೋಟೋಜಿಪಿ ನಿಯಮ ಬದಲಾಗುತ್ತೆ. ಎಂಜಿನ್ 850 ಸಿಸಿಗೆ ಇಳಿಯುತ್ತೆ, ಎತ್ತರ ಇಳಿಸೋ ಡಿವೈಸುಗಳಿಗೆ ನಿಷೇಧ, ಟೈರು ಪಿರೆಲಿ. ಬಿಎಸ್‌ಬಿ, ವರ್ಲ್ಡ್ ಸೂಪರ್‌ಬೈಕ್ ಎರಡರಲ್ಲೂ ವರ್ಷಗಟ್ಟಲೆ ಓಡಿದ್ದು ಪಿರೆಲಿ ಮೇಲೆಯೇ. 2026ಕ್ಕೆ ಟರ್ಕಿಯ ತೋಪ್ರಾಕ್ ರಾಜ್‌ಗಟ್ಲಿಯೋಗ್ಲು ಸೂಪರ್‌ಬೈಕ್‌ನಿಂದ ನೇರ ಯಮಹಾ ಮೋಟೋಜಿಪಿ ಸೀಟಿಗೆ ಹೋದದ್ದರಿಂದ ಆ ಹಳೇ ಏಣಿ ಮತ್ತೆ ಹಾಕಬಹುದು ಅನ್ನೋ ಆಸೆ ಹುಟ್ಟಿದೆ. ಜೊತೆಗೆ ಈಗ ಮೋಟೋಜಿಪಿಯ ಮಾಲೀಕರು ಎಫ್1 ನಡೆಸೋ ಲಿಬರ್ಟಿ ಮೀಡಿಯಾ. ಬ್ರಿಟನ್ ಎಷ್ಟು ದೊಡ್ಡ ಮಾರುಕಟ್ಟೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಆದರೂ ನಾನು ಇದನ್ನು ಪೂರ್ತಿ ನಂಬಲ್ಲ. ತೋಪ್ರಾಕ್ ಮೂರು ಸಲ ಚಾಂಪಿಯನ್ ಆದ ಮೇಲೆ, 29ಕ್ಕೆ ಹೋದವನು. ಆ ಬಾಗಿಲು ಅವನಂಥವನಿಗೆ ಮಾತ್ರ ತೆರೆಯೋದು. ನಾಳೆ ಮಾರುಕಟ್ಟೆಗೋಸ್ಕರ ಯಾವನೋ ಬ್ರಿಟಿಷನಿಗೆ ಸೀಟು ಕೊಟ್ಟರೂ ಅವನು ಎರಡು ವರ್ಷ ಕೊನೆಯಲ್ಲಿ ಓಡಿ ವಾಪಸ್ ಬರ್ತಾನೆ. ನನಗೆ ಭರವಸೆ ಇರೋದು ಮೈಕೆಲ್ ಲ್ಯಾವರ್ಟಿ ಮಾಡ್ತಿರೋ ಕೆಲಸದ ಮೇಲೆ. ಮೋಟೋಜಿಪಿ ಓಡಿ ಬಂದ ಮನುಷ್ಯ, ಬ್ರಿಟಿಷ್ ಹುಡುಗರಿಗೆ ಅಂತಲೇ ತಂಡ ಕಟ್ಟಿ 2022ರಿಂದ ಸ್ಕಾಟ್ ಆಗ್ಡನ್‌ನಂಥವರನ್ನು ಮೋಟೋ3ಗೆ ಕರ್ಕೊಂಡು ಬಂದ. ಫಲಿತಾಂಶ ಇನ್ನೂ ಹೇಳಿಕೊಳ್ಳೋ ಹಾಗಿಲ್ಲ. ಆದರೆ ದಾರಿ ಸರಿ ಇದೆ, ವಯಸ್ಸೂ ಸರಿ ಇದೆ. ಲಿಬರ್ಟಿಯವರು ಮೋಟೋಜಿಪಿಯ ಒಂದು ಸೀಟಿಗೆ ಸುರಿಯೋ ದುಡ್ಡಿನ ಒಂದು ಚೂರನ್ನು ಜೂನಿಯರ್ ಜಿಪಿಯ ನಾಲ್ಕು ಬ್ರಿಟಿಷ್ ಹುಡುಗರಿಗೆ, ಐದು ವರ್ಷ ಪ್ರಶ್ನೆ ಕೇಳದೆ ಹಾಕಲಿ. ಡಿಕ್ಸನ್‌ಗೆ ಆಗಲೇ ತಡ ಆಯ್ತು, ಈಗ ಹದಿಮೂರು ವರ್ಷದವರಿಗೆ ಇನ್ನೂ ಆಗಿಲ್ಲ.