ಹಸುವಿನ ಕೊರಳಿಗೆ ಎಷ್ಟು ವ್ಯಾಟ್?

ಬಿಎಲ್‌ಇ, ಅಂದರೆ ಕಡಿಮೆ ವಿದ್ಯುತ್ತಿನ ಬ್ಲೂಟೂತ್, ಚಿಪ್ ಹುಟ್ಟಿದ್ದೇ ಒಂದು ಬಟನ್ ಸೆಲ್ಲಿನಲ್ಲಿ ತಿಂಗಳುಗಟ್ಟಲೆ ಬದುಕಲು. ನಾವು ಅದರ ಸಿಗ್ನಲ್ ದೂರ ಕೇಳಿಸಲಿ ಅಂತ ಒಂದು ಪವರ್ ಆಂಪ್ಲಿಫೈಯರ್ ಅಂಟಿಸುತ್ತೇವೆ. ಏಕಾದಶಿಯಂದು ಅನ್ನ ಬಿಟ್ಟು ಅವಲಕ್ಕಿ, ಉಪ್ಪಿಟ್ಟು, ಬಾಳೆಹಣ್ಣು, ಹಾಲು ಅಂತ ಎರಡು ಊಟದಷ್ಟು ಉಪವಾಸ ಮಾಡುವ ಜನಕ್ಕೆ ಇದೇನು ವಿಚಿತ್ರವಲ್ಲ ಬಿಡಿ. ಎಷ್ಟು ಕೂಗಬಹುದು ಅಂತ ಸರ್ಕಾರಗಳನ್ನು ಕೇಳಿದಾಗಲೇ ತಮಾಷೆ ಶುರು.

ಬ್ಲೂಟೂತ್ 5.0 ಬಂದ ಮೇಲೆ ಮಾನದಂಡವೇ 100 ಮಿಲಿವ್ಯಾಟ್‌ವರೆಗೆ ಬಿಟ್ಟುಕೊಟ್ಟಿದೆ. ಅಮೆರಿಕದ ರೇಡಿಯೋ ನಿಯಂತ್ರಕ ಎಫ್‌ಸಿಸಿ ಧಾರಾಳಿ: 1 ವ್ಯಾಟ್, ಮೇಲೆ ಅದನ್ನು ಒಂದು ದಿಕ್ಕಿಗೆ ಸುಮಾರು ನಾಲ್ಕು ಪಟ್ಟು ಬಲಪಡಿಸುವ 6 ಡಿಬಿಐ ಆಂಟೆನಾ. ಯೂರೋಪಿನ ರೇಡಿಯೋ ಮಾನದಂಡ ಇಎನ್ 300 328 ಮಾತ್ರ ಒಂದು ಸಾಲಿನಲ್ಲಿ 100 ಮಿಲಿವ್ಯಾಟ್ ಕೊಟ್ಟು, ಮುಂದಿನ ಸಾಲಿನಲ್ಲಿ ಪ್ರತಿ ಮೆಗಾಹರ್ಟ್ಸ್‌ಗೆ ಹತ್ತೇ ಅಂತ ಕಿತ್ತುಕೊಳ್ಳುತ್ತದೆ. ಬಿಎಲ್‌ಇ ಸಿಗ್ನಲ್ಲಿನ ಮೈಯಗಲವೇ ಸುಮಾರು ಒಂದು ಮೆಗಾಹರ್ಟ್ಸ್. ಕೈಗೆ ಬಂದದ್ದು ಹತ್ತು. ಆಂಟೆನಾ ಚೆನ್ನಾಗಿದ್ದರೆ ಅದು ಸೇರಿಸುವ ಬಲವನ್ನೂ ಇದರಲ್ಲೇ ಕಳೆಯಬೇಕು. ನ್ಯೂಯಾರ್ಕಿನಲ್ಲಿ ಸಭ್ಯನಾಗಿದ್ದ, ಇಂಥ ಚಿಪ್ ಹೊತ್ತ ಟ್ಯಾಗ್ ಫ್ರಾಂಕ್‌ಫರ್ಟ್‌ನಲ್ಲಿ ಇಳಿಯುತ್ತಲೇ ಅಪರಾಧಿ.

ಅದೇ ಯೂರೋಪಿನ ಅಡುಗೆಮನೆಯಲ್ಲಿ, ಬ್ಲೂಟೂತ್ ಓಡಾಡುವ ಅದೇ 2.4 ಗಿಗಾಹರ್ಟ್ಸ್‌ನಲ್ಲಿ, ಮೈಕ್ರೋವೇವ್ ಓವನ್ 5 ಸೆಂಟಿಮೀಟರ್ ದೂರಕ್ಕೆ ಚದರ ಸೆಂಟಿಮೀಟರಿಗೆ 5 ಮಿಲಿವ್ಯಾಟ್‌ವರೆಗೆ ಸೋರಬಹುದು. ಎರಡು ಚದರ ಸೆಂಟಿಮೀಟರಿಗೆ ಟ್ಯಾಗಿನ ಇಡೀ ಕೋಟಾ ಮುಗಿಯಿತು. ನಿನ್ನೆಯ ಸಾರು ಬಿಸಿ ಮಾಡುವುದು ಸಮಾಜಸೇವೆ, ಹಾರ್ಟ್‌ರೇಟ್ ಕಳಿಸುವುದು ಉಪದ್ರವ.

ಇನ್ನು ನಮ್ಮದು. 2005ರ ಜನವರಿಯಲ್ಲಿ ಕೇಂದ್ರ ಸರ್ಕಾರ ಈ 2.4 ಗಿಗಾಹರ್ಟ್ಸ್ ಬ್ಯಾಂಡಿಗೆ ಲೈಸೆನ್ಸ್ ಬೇಡ ಎಂದಿತು. ಬಿಎಲ್‌ಇ ಬಂದದ್ದು 2010ರಲ್ಲಿ, ಹಾಗಾಗಿ ಅದರ ಜಾತಕ ನೋಡಿ ಬರೆದ ನಿಯಮ ಇದಲ್ಲ. 1 ವ್ಯಾಟ್ ಸರಿ, ಆದರೆ 10 ಮೆಗಾಹರ್ಟ್ಸ್ ಅಥವಾ ಅದಕ್ಕೂ ಹೆಚ್ಚಿನ ಹರವಿನಲ್ಲಿ. ಬಿಎಲ್‌ಇ ಸಿಗ್ನಲ್ ಕೂರುವ ಚಾನೆಲ್ ಇರುವುದೇ ಎರಡು ಮೆಗಾಹರ್ಟ್ಸ್. ಹತ್ತಕ್ಕಿಂತ ಸಪೂರ ಇದ್ದವರ ಗತಿ? ಆ ಸಾಲಿನಲ್ಲಿ ಉತ್ತರವಿಲ್ಲ. ಜೊತೆಗೆ ಇನ್ನೊಂದು ಷರತ್ತು: ಆಂಟೆನಾ, ಅಧಿಕೃತ ಕಟ್ಟಡದ ಮಾಳಿಗೆಯಿಂದ 5 ಮೀಟರ್ ಎತ್ತರದೊಳಗೇ ಇರಬೇಕು. ಹಸುವಿನ ಕೊರಳಿಗೆ ಟ್ಯಾಗ್ ಕಟ್ಟಿದ ಮಲೆನಾಡಿನ ಗೌಡರು ಏನು ಮಾಡಬೇಕು? ಹಸು ಗುಡ್ಡ ಹತ್ತುವ ಮೊದಲು ಕೊಟ್ಟಿಗೆಯ ಮಾಡಿನಿಂದ ಟೇಪು ಹಿಡಿಯುವುದೇ? ಕೊಟ್ಟಿಗೆಗೆ ಪಂಚಾಯಿತಿಯ ಖಾತೆ ಇದೆಯೋ ಇಲ್ಲವೋ, ಅದು ಬೇರೆಯೇ ಅರ್ಜಿ.

ಇಷ್ಟೆಲ್ಲ ಗುಣಾಕಾರ ಮಾಡುತ್ತ ಕೂತಿರುವವನು ಬೆಂಗಳೂರಿನ ಪ್ರಾಮಾಣಿಕ ಇಂಜಿನಿಯರ್ ಒಬ್ಬನೇ. ದೇಶಕ್ಕೊಂದು ಫರ್ಮ್‌ವೇರ್, ದೇಶಕ್ಕೊಂದು ಲ್ಯಾಬ್ ಬಿಲ್, ಕೆಪಾಸಿಟರ್ ಬದಲಾದರೂ ಮತ್ತೆ ಟೆಸ್ಟ್. ಬಿಡಿ ಆಂಪ್ಲಿಫೈಯರ್ ಮಾರಬೇಡಿ ಅಂತ ಎಫ್‌ಸಿಸಿಯ ನಿಯಮದಲ್ಲೇ ಇದೆ. ಆನ್‌ಲೈನ್ ಅಂಗಡಿಯಲ್ಲಿ ಅದು ಫ್ರೀ ಡೆಲಿವರಿಯೊಂದಿಗೆ ಸಿಗುತ್ತದೆ. ಕೆಳಗೆ ಗಿರಾಕಿಯ ಪ್ರಶ್ನೆ: ‘ಸರ್, ಬ್ಲೂಟೂತ್‌ಗೂ ಆಗುತ್ತಾ? ಪರ್ಮಿಷನ್ ಏನಾದ್ರೂ ಬೇಕಾ?’

ಮಾರುವವನ ಉತ್ತರ: ‘ಆಗುತ್ತೆ ಸರ್. ಬೇಕಾಗಿರೋದು 12 ವೋಲ್ಟ್ ಅಡಾಪ್ಟರ್, ಅದು ಬಾಕ್ಸಲ್ಲೇ ಇದೆ.’