ಕೂಸಿಗಿಂತ ಮೊದಲು ಕುಲಾವಿ

ಒಬ್ಬ ಶಾಸಕರಿಗೆ ಜ್ವರ ಬಂತು, ಆಸ್ಪತ್ರೆ ಸೇರಿದರು ಅಂತಿಟ್ಟುಕೊಳ್ಳಿ. ಮನೆಯವರು ಇನ್ನೂ ಫ್ಲಾಸ್ಕಿನಲ್ಲಿ ಗಂಜಿ ತಂದಿರುವುದಿಲ್ಲ. ಅಷ್ಟರಲ್ಲಿ ಯಾರೋ ಪುಣ್ಯಾತ್ಮ ಆ ಕ್ಷೇತ್ರದ ಉಪಚುನಾವಣೆಗೆ ವಿಕಿಪೀಡಿಯದಲ್ಲಿ ಒಂದು ಪುಟ ತೆರೆದಿರುತ್ತಾನೆ. ಬಲಗಡೆ ಚಂದದ ಚೌಕ. ದಿನಾಂಕ: ನಿಗದಿಯಾಗಿಲ್ಲ. ಅಭ್ಯರ್ಥಿಗಳು: ಘೋಷಣೆಯಾಗಿಲ್ಲ. ಫೋಟೋ ಇರಬೇಕಾದ ಕಡೆ ಮುಖವಿಲ್ಲದ ಎರಡು ಬೂದು ತಲೆಗಳು. ಇಡೀ ಪುಟದಲ್ಲಿ ಖಚಿತವಾದದ್ದು ಕ್ಷೇತ್ರದ ಹೆಸರೊಂದೇ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತಾರಲ್ಲ, ಇಲ್ಲಿ ಇನ್ನೂ ಹೆಣ್ಣು ನೋಡುವ ಶಾಸ್ತ್ರವೂ ಆಗಿಲ್ಲ.

ಹೀಗೆ ಬರೆಯಬೇಡಿ ಅಂತ ಅಲ್ಲಿ ನಿಯಮವೇ ಇದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, 'ಇಲ್ಲಿ ಕಣಿ ಹೇಳುವುದಿಲ್ಲ'. ಆದರೆ ನಿಯಮ ಇದ್ದ ಮೇಲೆ ಜಗಳ ಇರಲೇಬೇಕು, ಅಲ್ವಾ? ಪುಟ ಅಳಿಸಬೇಕೋ ಬೇಡವೋ ಅಂತ 7 ದಿನದ ಚರ್ಚೆ ಶುರುವಾಗುತ್ತದೆ. ಒಬ್ಬರು 'ಇರಲಿ' ಅಂತಾರೆ. ಇನ್ನೊಬ್ಬರು 'ಕಿತ್ತು ಹಾಕಿ' ಅಂತಾರೆ. ಮೂರನೆಯವರು, ಎಲ್ಲ ಊರಲ್ಲೂ ಇರುವಂಥವರು, 'ಸದ್ಯಕ್ಕೆ ಕರಡು ಪುಟವಾಗಿ ಪಕ್ಕಕ್ಕಿಡೋಣ' ಅಂತಾರೆ. ಮಜಾ ಇರುವುದು ಬೇರೆ ಕಡೆ. ಇದು ಮತದಾನ ಅಲ್ಲ ಅಂತ ಅಲ್ಲಿಯವರು ಮತ್ತೆ ಮತ್ತೆ ಹೇಳುತ್ತಾರೆ. ತಲೆ ಎಣಿಸುವುದಿಲ್ಲವಂತೆ, ವಾದ ತೂಗುತ್ತಾರಂತೆ. ಜಗಳ ಚುನಾವಣೆಯದು, ವೋಟು ಮಾತ್ರ ಹಾಕುವ ಹಾಗಿಲ್ಲ. ನಮ್ಮ ವಿಧಾನಸಭೆಗೂ ಇದೇ ಪದ್ಧತಿ ಬಂದುಬಿಟ್ಟರೆ ರೆಸಾರ್ಟ್‌ನವರ ಗತಿ ಏನು?

'ಇರಲಿ' ಪಾರ್ಟಿಯ ಕೈಯಲ್ಲಿ ಒಂದು ಬ್ರಹ್ಮಾಸ್ತ್ರ ಇರುತ್ತದೆ. ಸೀಟು ಖಾಲಿಯಾದರೆ 6 ತಿಂಗಳೊಳಗೆ ಚುನಾವಣೆ ನಡೆಸಬೇಕು ಅಂತ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 151ಎ ಕಲಂ ಹೇಳುತ್ತದೆ. ಹೇಗೂ ಆಗೋದೇ, ಮೊದಲೇ ಬರೆದಿಟ್ಟರೆ ತಪ್ಪೇನು ಅಂತ ಕೇಳುತ್ತಾರೆ. ಅದೇ ಕಲಮಿನ ಕೆಳಗೆ ವಿನಾಯಿತಿಗಳೂ ಇವೆ ಅನ್ನೋದನ್ನ ಓದುವ ತಾಳ್ಮೆ ಯಾರಿಗಿದೆ? ಪಾಪ, ಇವರು ಕರ್ನಾಟಕ ನೋಡಿಲ್ಲ.

2019ರ ಜುಲೈನಲ್ಲಿ ನಮ್ಮಲ್ಲಿ 17 ಶಾಸಕರು ಅನರ್ಹರಾದರು. ಸೆಪ್ಟೆಂಬರ್ 21ಕ್ಕೆ ಚುನಾವಣಾ ಆಯೋಗ 15 ಕ್ಷೇತ್ರಗಳಿಗೆ ದಿನಾಂಕವನ್ನೇ ಘೋಷಿಸಿತು: ಅಕ್ಟೋಬರ್ 21. ಖಚಿತ ಅಂದರೆ ಇದಕ್ಕಿಂತ ಇನ್ನೇನು ಬೇಕು ಸ್ವಾಮಿ? ವಾರ ಕಳೆಯುವುದರೊಳಗೆ ಅದೂ ಮುಂದಕ್ಕೆ ಹೋಯಿತು. ಅನರ್ಹರ ಕೇಸು ಸುಪ್ರೀಂ ಕೋರ್ಟಿನಲ್ಲಿತ್ತು. ಕೊನೆಗೆ ವೋಟು ಬಿದ್ದದ್ದು ಡಿಸೆಂಬರ್ 5ಕ್ಕೆ.

ಉಳಿದ ಎರಡರಲ್ಲಿ ರಾಜರಾಜೇಶ್ವರಿನಗರ 2020ರ ನವೆಂಬರ್‌ವರೆಗೆ ಕಾಯಿತು. ಮಸ್ಕಿಯ ಕಥೆ ಇನ್ನೂ ಉದ್ದ. 2018ರ ಫಲಿತಾಂಶದ ಮೇಲಿನ ತಕರಾರು ಹೈಕೋರ್ಟಿನಲ್ಲಿ ಕೂತಿತ್ತು. ಹಾಗಾಗಿ ಅಲ್ಲಿ ಮತದಾನ ಆದದ್ದು 2021ರ ಏಪ್ರಿಲ್ 17ಕ್ಕೆ. ಹತ್ತಿರ ಹತ್ತಿರ 21 ತಿಂಗಳು! 6 ತಿಂಗಳ ಲೆಕ್ಕದಲ್ಲಿ ಪುಟ ಬರೆದವನು ಅಷ್ಟರಲ್ಲಿ ಮದುವೆಯಾಗಿ, ನಿಜವಾದ ಕೂಸಿಗೇ ಕುಲಾವಿ ಹೊಲಿಸಿರುತ್ತಿದ್ದ.

ಹಾಗಂತ ಮಸ್ಕಿಗೆ ಪುಟ ಬೇಡವೇ? ನನ್ನ ಕೇಳಿದರೆ ಒಂದಲ್ಲ, ಎರಡು ಪುಟ ಕೊಡಬೇಕು. 2018ರಲ್ಲಿ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲರು ಬಿಜೆಪಿಯ ಬಸನಗೌಡ ತುರ್ವಿಹಾಳರನ್ನು 213 ಮತಗಳಿಂದ ಸೋಲಿಸಿದ್ದರು. 2021ರಲ್ಲಿ ಅಖಾಡದಲ್ಲಿ ಮುಖಾಮುಖಿಯಾದವರು ಮತ್ತೆ ಅವರಿಬ್ಬರೇ. ಆದರೆ ಪಾಟೀಲರು ಬಿಜೆಪಿ, ತುರ್ವಿಹಾಳರು ಕಾಂಗ್ರೆಸ್! ಈ ಸಲ ಗೆದ್ದವರು ತುರ್ವಿಹಾಳರು. ವಿಕಿಪೀಡಿಯದವರಿಗೆ ಸುಲಭದ ಕೆಲಸ. ಹಳೇ ಕೋಷ್ಟಕ ಕಾಪಿ ಮಾಡಿ ಬಣ್ಣ ಮಾತ್ರ ಅದಲು ಬದಲು ಮಾಡಿದರೆ ಅರ್ಧ ಪುಟ ಮುಗಿದಂತೆ.

ಇನ್ನು ನಮ್ಮ ಜ್ವರದ ಶಾಸಕರ ವಿಷಯ. 7ನೇ ದಿನ ಪುಟವನ್ನು ಕರಡು ಪುಟಗಳ ಸಾಲಿಗೆ ಸಾಗಿಸುತ್ತಾರೆ. ಜ್ವರವೂ ಬಿಟ್ಟಿರುತ್ತದೆ. ಅವರು ಆಸ್ಪತ್ರೆಯಿಂದ ಮನೆಗೆ ಹೊರಡುತ್ತಾರೆ. ಕಾರು ಸರ್ಕಲ್ ಹತ್ತಿರ ಬಂದಾಗ ಎದುರಿಗೇ ಕಾಣುತ್ತದೆ, 20 ಅಡಿ ಎತ್ತರದ ಫ್ಲೆಕ್ಸು: 'ಭಾವಿ ಶಾಸಕರಿಗೆ ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು'. ಕೆಳಗೆ ಶುಭ ಕೋರುವವರ 40 ಫೋಟೋ. ಅದನ್ನು ಅಳಿಸುವ ಚರ್ಚೆಗೆ ಮಾತ್ರ ಯಾರೂ ಬಂದಿರುವುದಿಲ್ಲ.