ಒಮ್ಮೆ ಬಡಿದರೆ ಹೌದು

ರಾತ್ರಿ ಒಂದೂವರೆ. ಕೋಟೆಯ ನೆಲಮಾಳಿಗೆ. ದೀಪಗಳನ್ನೆಲ್ಲ ಆರಿಸಿ ಹನ್ನೊಂದು ಜನ ಕೈಕೈ ಹಿಡಿದು ದುಂಡಗೆ ನಿಂತಿದ್ದೇವೆ. ನನ್ನ ಬಲಗೈ ಹೆಂಡತಿಯ ಕೈಯಲ್ಲಿ, ಎಡಗೈ ಅಂದು ಸಂಜೆಯಷ್ಟೇ ಪರಿಚಯವಾದ ನಿವೃತ್ತ ಎಂಜಿನಿಯರೊಬ್ಬರ ಬೆವರುಗೈಯಲ್ಲಿ. ನಮ್ಮ ತಂಡದ ನಾಯಕಿ ಕತ್ತಲಿಗೆ ಮುಖ ಮಾಡಿ, ಬಹಳ ದಿನಕ್ಕೆ ಬಂದ ನೆಂಟರನ್ನು ವಿಚಾರಿಸಿಕೊಳ್ಳುವಷ್ಟು ನಯವಾಗಿ ಕೇಳಿದರು: "ಇಲ್ಲಿ ಯಾರಾದರೂ ಇದ್ದೀರಾ? ಇದ್ದರೆ ಒಮ್ಮೆ ಬಡಿಯಿರಿ."

ಕಟಕ್.

ಹತ್ತು ಜನ ಒಟ್ಟಿಗೆ ಉಸಿರೆಳೆದುಕೊಂಡರು. ಹನ್ನೊಂದನೆಯವನು ಎಳೆದುಕೊಳ್ಳಲಿಲ್ಲ. ಬಡಿದದ್ದು ಅವನ ಎಡ ಮಂಡಿ ಎಂಬುದು ಅವನಿಗೆ ಗೊತ್ತಿತ್ತು.

ನನಗೆ ಐವತ್ತೆರಡು. ನನ್ನ ಮಂಡಿಗೆ ಇನ್ನೂ ಹೆಚ್ಚು ಆಗಿರಬಹುದು. ಬಹಳ ಹೊತ್ತು ನಿಂತು ಭಾರವನ್ನು ಈ ಕಾಲಿನಿಂದ ಆ ಕಾಲಿಗೆ ವರ್ಗಾಯಿಸಿದರೆ ಒಣಕಟ್ಟಿಗೆ ಮುರಿದಂಥ ಸದ್ದು ಮಾಡುತ್ತದೆ. ನೋವಿಲ್ಲ, ಬರೀ ಸದ್ದು. ಕಲ್ಲಿನ ಗೋಡೆ, ಕಮಾನಿನ ಸೂರು ಇರುವಲ್ಲಿ ಅದೇ ಸದ್ದು ನಾಲ್ಕು ಕಡೆಯಿಂದ ಮರಳಿ ಬಂದು, ನನಗೇ ಒಂದು ಕ್ಷಣ ಅನುಮಾನ ಬರುವಷ್ಟು ಗಂಭೀರವಾಗಿ ಕೇಳಿತು.

ಇಂಥ ತಪ್ಪೊಪ್ಪಿಗೆಗೆ ಸಿಗುವ ಸಮಯ ಹೆಚ್ಚೆಂದರೆ ಎರಡು ಸೆಕೆಂಡು. ಅಷ್ಟರೊಳಗೆ "ಕ್ಷಮಿಸಿ, ನಂದೇ" ಅಂದುಬಿಟ್ಟರೆ ನಗುವಿನಲ್ಲಿ ಮುಗಿಯುತ್ತದೆ. ನಾನು ಆ ಎರಡು ಸೆಕೆಂಡನ್ನು 'ಕ್ಷಮಿಸಿ' ಅನ್ನಲೋ 'ನಂದೇ' ಅನ್ನಲೋ ಎಂದು ಯೋಚಿಸುವುದರಲ್ಲಿ ಕಳೆದೆ. ಅಷ್ಟರಲ್ಲಿ ಎದುರಿಗಿದ್ದ ಹುಡುಗಿಯೊಬ್ಬಳು ಅಳಲು ಶುರುಮಾಡಿದ್ದಳು. ಅಳುವವರ ಮುಂದೆ ಮಂಡಿಯ ವಿಷಯ ಎತ್ತುವುದು ಹೇಗೆ?

"ಧನ್ಯವಾದ," ಎಂದರು ನಾಯಕಿ. ನನ್ನ ಮಂಡಿಗೆ ಯಾರಾದರೂ ಧನ್ಯವಾದ ಹೇಳಿದ್ದು ಅದೇ ಮೊದಲು. "ಇನ್ನು ಮುಂದೆ ಒಮ್ಮೆ ಬಡಿದರೆ ಹೌದು, ಎರಡು ಸಲ ಬಡಿದರೆ ಇಲ್ಲ. ನೀವು ಈ ಕೋಟೆಯಲ್ಲೇ ಸತ್ತವರಾ?"

ನಾನು ಕಲ್ಲಾಗಿ ನಿಂತೆ. ಕಲ್ಲಾಗಿ ನಿಲ್ಲುವುದಕ್ಕೆ ಮಂಡಿಯನ್ನು ಬಿಗಿಹಿಡಿಯಬೇಕು. ಬಿಗಿಹಿಡಿದೆ. ಕಟಕ್.

ಹೌದು.

ಆಮೇಲಿನ ಹತ್ತು ನಿಮಿಷದಲ್ಲಿ ನನ್ನ ಮಂಡಿ ತಾನು ಕೊಲೆಯಾದದ್ದನ್ನು ಒಪ್ಪಿತು. ತಾನು ಹೆಂಗಸೆಂದು ಒಪ್ಪಿತು. ಸ್ವಲ್ಪ ಹೊತ್ತಿಗೆ ಗಂಡಸೆಂದೂ ಒಪ್ಪಿತು. ಎರಡು ಸಲ ಬಡಿಯುವ ಶಕ್ತಿ ಅದಕ್ಕಿಲ್ಲ, ಆದ್ದರಿಂದ ಯಾವುದಕ್ಕೂ ಇಲ್ಲ ಎನ್ನಲಾರದು. ಆ ವಿಷಯದಲ್ಲಿ ಅದು ಅದರ ಯಜಮಾನನ ಹಾಗೇ. ಇಲ್ಲ ಅನ್ನಲು ಬರುತ್ತಿದ್ದರೆ ನಾನು ನವೆಂಬರ್ ತಿಂಗಳ ರಾತ್ರಿ ಉತ್ತರ ಇಂಗ್ಲೆಂಡಿನ ಆ ನೆಲಮಾಳಿಗೆಯಲ್ಲಿ ಇರುತ್ತಲೇ ಇರಲಿಲ್ಲ.

ಮದುವೆಯಾಗಿ ಇಪ್ಪತ್ತು ವರ್ಷ ತುಂಬಿದ್ದಕ್ಕೆ ಏನಾದರೂ ಬೇರೆ ಥರ ಮಾಡೋಣ ಅಂದಿದ್ದು ನನ್ನಾಕೆ. ನಾನು ತಲೆಯಾಡಿಸಿದೆ. ಅವಳು ಟಿಕೆಟ್ ತೆಗೆದಳು. ಸಂಜೆಯಿಂದ ಬೆಳಗಿನವರೆಗೆ ಹಳೆಯ ಕೋಟೆಯೊಂದರಲ್ಲಿ ದೆವ್ವ ಹುಡುಕುವುದು. ಅಷ್ಟು ದುಡ್ಡಿಗೆ ಬೆಚ್ಚಗಿನ ಹೋಟೆಲಿನಲ್ಲಿ ಎರಡು ರಾತ್ರಿ ಮಲಗಬಹುದಿತ್ತು. ಇಲ್ಲಿ ಮಲಗುವ ಹಾಗೇ ಇಲ್ಲ. ಕೋಟೆಯ ಹೆಸರು ಬೇಡ. ನಾನು ಮಾಡಿ ಬಂದ ಕೆಲಸಕ್ಕೆ ಅದರ ಮಾನ ಯಾಕೆ ಹೋಗಬೇಕು?

ಆ ದೇಶದಲ್ಲಿ ಇದು ಹುಡುಗಾಟದ ವಿಷಯವಲ್ಲ. ಲಂಡನ್ನಿನಲ್ಲಿ 1862ರಲ್ಲೇ ದೆವ್ವಗಳಿಗೆಂದು ಘೋಸ್ಟ್ ಕ್ಲಬ್ ಹುಟ್ಟಿತ್ತು. 1882ರಲ್ಲಿ ಇಂಥದ್ದನ್ನು ಪರೀಕ್ಷಿಸಲೆಂದೇ ದೊಡ್ಡ ದೊಡ್ಡ ವಿದ್ವಾಂಸರು ಸೇರಿ ಒಂದು ಸೊಸೈಟಿ ಕಟ್ಟಿದರು. ಕೋಟೆ ಅಂದಮೇಲೆ ಒಂದು ದೆವ್ವ ಇರಲೇಬೇಕು. ಲಂಡನ್ ಟವರ್‌ನಲ್ಲಿ 1536ರಲ್ಲಿ ತಲೆ ಕಳೆದುಕೊಂಡ ಆನ್ ಬೊಲಿನ್ ರಾಣಿ, ಚಿಲ್ಲಿಂಗ್‌ಹ್ಯಾಮ್‌ನಲ್ಲಿ ನೀಲಿ ಹುಡುಗ, ಅಷ್ಟೇನೂ ಹೆಸರಿಲ್ಲದ ಕೋಟೆಗಳಲ್ಲಿ ಬಿಳಿ ಹೆಂಗಸು, ಬೂದು ಹೆಂಗಸು, ಹಸಿರು ಹೆಂಗಸು. ಬಣ್ಣದಂಗಡಿಯ ಪಟ್ಟಿಯಂತೆ. ಸ್ಕಾಟ್ಲೆಂಡಿನ ಗ್ಲಾಮ್ಸ್ ಕೋಟೆಯ ಕತೆ ನನಗೆ ಬಹಳ ಇಷ್ಟ. ಅಲ್ಲೊಂದು ಗುಪ್ತ ಕೋಣೆ ಇದೆಯೆಂದು ಅತಿಥಿಗಳು ಒಂದು ದಿನ ಸಿಕ್ಕ ಕಿಟಕಿಗೆಲ್ಲ ಟವೆಲ್ ಕಟ್ಟಿದರಂತೆ. ಹೊರಗೆ ಬಂದು ನೋಡಿದರೆ ಟವೆಲಿಲ್ಲದ ಕಿಟಕಿಗಳೂ ಇದ್ದವಂತೆ. ಕೇಳಿದವರೆಲ್ಲ ಆ ಬೋಳು ಕಿಟಕಿಗಳಿಗೆ ಬೆಚ್ಚುತ್ತಾರೆ. ಅಷ್ಟೊಂದು ಟವೆಲ್ ಇಟ್ಟಿದ್ದ ಮನೆ ಇತ್ತೆಂಬುದೇ ನನಗೆ ಅಲೌಕಿಕವಾಗಿ ಕಾಣುತ್ತದೆ.

ನಮ್ಮ ಕೈಗೆ ಕೊಟ್ಟದ್ದು ಟವೆಲ್ ಅಲ್ಲ, ಮೀಟರುಗಳು. ಮೊದಲನೆಯದು ಕಾಂತಕ್ಷೇತ್ರ ಅಳೆಯುವ ಸಾಧನ. ವೈರಿಂಗ್, ವಿದ್ಯುತ್ ಉಪಕರಣಗಳ ಸುತ್ತ ಹಿಡಿದು ನೋಡುವುದಕ್ಕೆ ಅದು ಇರುವುದು. ದೆವ್ವ ಹುಡುಕುವವರು ಅದನ್ನು ದತ್ತು ತೆಗೆದುಕೊಂಡಿದ್ದಾರೆ. ಹಸಿರು ದೀಪ ಇದ್ದರೆ ಯಾರೂ ಇಲ್ಲ, ಕೆಂಪಿಗೆ ಹೋದರೆ ಯಾರೋ ಇದ್ದಾರೆ. ಎಲ್ಲರೂ ಫೋನ್ ಆಫ್ ಮಾಡಿ ಎಂದಿದ್ದರು. ನಾನು ಮಾಡಿದ್ದೆ ಅಂತಲೇ ತಿಳಿದಿದ್ದೆ. ನನ್ನ ಜೇಬಿನ ಹತ್ತಿರ ಬಂದಾಗಲೆಲ್ಲ ಮೀಟರು ಕೆಂಪಾಗುತ್ತಿತ್ತು. "ನಿಮ್ಮ ಪಕ್ಕದಲ್ಲೇ ನಿಂತಿದೆ," ಎಂದು ನಾಯಕಿ ಪಿಸುಗುಟ್ಟಿದರು. ಬೆಳಿಗ್ಗೆ ನೋಡಿದರೆ ಹದಿನಾಲ್ಕು ಮೆಸೇಜು.

ಎರಡನೆಯದು ಪಿಸ್ತೂಲಿನಂಥ ಥರ್ಮಾಮೀಟರು. ಗಾಳಿಗೆ ಗುರಿಯಿಟ್ಟು ಒತ್ತಿದ ನಾಯಕಿ, "ಇಲ್ಲಿ ನಾಲ್ಕು ಡಿಗ್ರಿ ಇಳಿದಿದೆ," ಎಂದರು. ಪಕ್ಕದಲ್ಲಿದ್ದ ಎಂಜಿನಿಯರರು ನನ್ನ ಕಿವಿಯಲ್ಲಿ, ಅದು ಗಾಳಿಯ ಬಿಸಿ ಹೇಳುವುದಿಲ್ಲ, ಎದುರಿಗೆ ಸಿಕ್ಕ ಗೋಡೆಯದ್ದೋ ಕಿಟಕಿಗಾಜಿನದ್ದೋ ಮೇಲ್ಮೈಯ ಬಿಸಿ ಹೇಳುತ್ತದೆ ಅಂದರು. ಎದುರಿಗೆ ಕಿಟಕಿಯೇ ಇತ್ತು. ಆದರೂ ಅವರು ತಮ್ಮ ಪುಸ್ತಕದಲ್ಲಿ 'ನಾಲ್ಕು ಡಿಗ್ರಿ' ಎಂದು ಬರೆದುಕೊಂಡರು. ದುಡ್ಡು ಕೊಟ್ಟಿದ್ದಾರಲ್ಲ.

ಫೋಟೋದ್ದು ಇನ್ನೊಂದು ಕತೆ. ನಾನು ಹಾಕಿಕೊಂಡಿದ್ದ ಉಣ್ಣೆ ಕೋಟು ಮೂರು ವರ್ಷ ಸೂಟ್‌ಕೇಸಿನಲ್ಲಿದ್ದು ಅಂದು ಹೊರಬಿದ್ದದ್ದು. ಚಳಿಗೆ ಭುಜ ಕೊಡವಿಕೊಂಡೆ. ಅದೇ ಹೊತ್ತಿಗೆ ಯಾರೋ ಫ್ಲ್ಯಾಶ್ ಹೊಡೆದರು. ಲೆನ್ಸಿನ ಹತ್ತಿರ ತೇಲುವ ದೂಳಿಗೆ ಫ್ಲ್ಯಾಶ್ ಬಿದ್ದರೆ ಬೆಳ್ಳಗೆ ಗುಂಡಗೆ ಮಬ್ಬಾಗಿ ಕಾಣುತ್ತದೆ. ಆ ಫೋಟೋದಲ್ಲಿ ನನ್ನ ಸುತ್ತ ಅಂಥವು ಹದಿನೆಂಟು. "ಇಷ್ಟು ಆತ್ಮಗಳು ಒಬ್ಬರನ್ನೇ ಸುತ್ತಿಕೊಂಡದ್ದು ನಾನು ನೋಡಿಲ್ಲ," ಎಂದಳು ಅಳುತ್ತಿದ್ದ ಹುಡುಗಿ. ಅವಳಿಗೆ ನನ್ನ ಮೇಲೆ ಗೌರವ ಬಂದಿತ್ತು.

ಕಾಫಿ ವಿರಾಮದಲ್ಲಿ ಎಂಜಿನಿಯರರು ವಿಕ್ ಟ್ಯಾಂಡಿ ಎಂಬವರ ಕತೆ ಹೇಳಿದರು. ಕವೆಂಟ್ರಿಯವರು, ಇವರ ಹಾಗೇ ಎಂಜಿನಿಯರು. ರಾತ್ರಿ ಲ್ಯಾಬಿನಲ್ಲಿ ಒಬ್ಬರೇ ಕೂತಿದ್ದಾಗ ಮೈ ಜುಮ್ಮೆಂದು, ಕಣ್ಣಂಚಿನಲ್ಲಿ ಬೂದು ಆಕೃತಿ ಕಂಡಿತಂತೆ. ಮರುದಿನ ಕತ್ತಿವರಸೆಯ ಸ್ಪರ್ಧೆಗೆಂದು ತಮ್ಮ ಕತ್ತಿಯನ್ನು ವೈಸಿಗೆ ಸಿಕ್ಕಿಸಿದರೆ, ಕತ್ತಿ ತಾನಾಗೇ ನಡುಗತೊಡಗಿತು. ಹುಡುಕುತ್ತ ಹೋದರೆ ಹೊಸದಾಗಿ ಹಾಕಿದ್ದ ಫ್ಯಾನು ಕಿವಿಗೆ ಕೇಳದಷ್ಟು ತಗ್ಗಿನ ಸದ್ದು ಹೊರಡಿಸುತ್ತಿತ್ತು, ಸೆಕೆಂಡಿಗೆ ಸುಮಾರು 19 ಕಂಪನ. ಫ್ಯಾನು ನಿಂತಿತು, ದೆವ್ವವೂ ಹೋಯಿತು. 1998ರಲ್ಲಿ ಅದನ್ನೇ ಪ್ರಬಂಧ ಮಾಡಿ ಪ್ರಕಟಿಸಿದರು. ಇಷ್ಟೆಲ್ಲ ಹೇಳಿ ಎಂಜಿನಿಯರರು, "ಆದರೆ ಇವತ್ತಿನ ಬಡಿತ ಇದೆಯಲ್ಲ, ಅದಕ್ಕೆ ವಿವರಣೆಯೇ ಇಲ್ಲ," ಎಂದು ಕಾಫಿ ಗುಟುಕರಿಸಿದರು.

ನಾನು ಹುಳುವಿನ ಮೇಲೆ ಹಾಕಲು ನೋಡಿದೆ. ಹಳೆಯ ಓಕ್ ಮರದ ತೊಲೆಗಳಲ್ಲಿ ಒಂದು ಜಾತಿಯ ಹುಳು ಇರುತ್ತದೆ. ಸಂಗಾತಿಯನ್ನು ಕರೆಯಲು ತಲೆಯನ್ನು ಮರಕ್ಕೆ ಟಕಟಕ ಕುಟ್ಟುತ್ತದೆ. ಸಾಯುವವರ ಪಕ್ಕ ರಾತ್ರಿ ಎಚ್ಚರ ಕೂತವರಿಗೆ ಅದು ಕೇಳಿ ಕೇಳಿ, ಅದಕ್ಕೆ ಸಾವಿನ ಹೆಸರೇ ಅಂಟಿಕೊಂಡಿದೆ. ಇದನ್ನು ಹೇಳಿದೆ. "ಅದು ಕುಟ್ಟುವುದು ವಸಂತದಲ್ಲಿ," ಎಂದರು ಎಂಜಿನಿಯರರು. "ಇದು ನವೆಂಬರ್." ಗೊತ್ತಿರುವವರ ಹತ್ತಿರ ಸುಳ್ಳು ಹೇಳುವಷ್ಟು ಕಷ್ಟ ಇನ್ನೊಂದಿಲ್ಲ.

ನನಗೆ ಸಮಾಧಾನ ಕೊಟ್ಟದ್ದು ಫಾಕ್ಸ್ ಸೋದರಿಯರು. ಅಮೆರಿಕದ ಇಬ್ಬರು ಹುಡುಗಿಯರು, 1848ರಲ್ಲಿ, ತಮ್ಮ ಮನೆಯಲ್ಲಿ ಸತ್ತವನೊಬ್ಬ ಬಡಿದು ಉತ್ತರ ಕೊಡುತ್ತಾನೆ ಅಂದರು. ಜನ ಸೇರಿದರು, ಅದೊಂದು ದೊಡ್ಡ ಪಂಥವೇ ಆಯಿತು. 40 ವರ್ಷದ ಮೇಲೆ, 1888ರಲ್ಲಿ, ಅವರಲ್ಲಿ ಒಬ್ಬಳಾದ ಮಾರ್ಗರೆಟ್ ನ್ಯೂಯಾರ್ಕಿನ ವೇದಿಕೆ ಹತ್ತಿ ಶೂ ಬಿಚ್ಚಿ ಕಾಲ್ಬೆರಳ ನೆಟಿಗೆ ಮುರಿದು ತೋರಿಸಿದಳು. ಇಷ್ಟೇ, ಅಂದಳು. ಆಗಲೂ ಭಕ್ತರು ಒಪ್ಪಲಿಲ್ಲ. ಮರುವರ್ಷ ಅವಳೇ ತನ್ನ ಮಾತು ಹಿಂದಕ್ಕೆ ತೆಗೆದುಕೊಂಡಳು. ಅವಳು 40 ವರ್ಷ ಬಚ್ಚಿಟ್ಟಳು, ನಾನು ಬೆಳಗಿನ ಆರರವರೆಗೆ ಬಚ್ಚಿಡಲಾರೆನೇ?

ಮೂರು ಗಂಟೆಗೆ ರೇಡಿಯೊ ಪೆಟ್ಟಿಗೆ ಬಂತು. ಸ್ಟೇಷನ್ನುಗಳ ಮೇಲೆ ಸರ‍್ರನೆ ಓಡುತ್ತ ಹೋಗುತ್ತದೆ, ಎಲ್ಲೂ ನಿಲ್ಲುವುದಿಲ್ಲ. ಆ ಗೊರಗೊರದ ನಡುವೆ ಸಿಕ್ಕ ತುಂಡು ಮಾತನ್ನು ಸತ್ತವರ ಮಾತು ಅಂತ ಕೇಳಿಸಿಕೊಳ್ಳಬೇಕು. 1959ರಲ್ಲಿ ಫ್ರೀಡ್ರಿಕ್ ಯುರ್ಗೆನ್ಸನ್ ಎಂಬ ಕಲಾವಿದ ಸ್ವೀಡನ್ನಿನಲ್ಲಿ ಹಕ್ಕಿಗಳ ದನಿ ರೆಕಾರ್ಡ್ ಮಾಡಲು ಹೋಗಿ ಮನುಷ್ಯರ ದನಿ ಕೇಳಿಸಿಕೊಂಡ ಮೇಲೆ ಈ ಕಲೆ ಬೆಳೆದಿದೆ. ಪೆಟ್ಟಿಗೆ ಒಮ್ಮೆ ಸ್ಪಷ್ಟವಾಗಿ ಏನೋ ಅಂದಿತು. "ಹೆಲ್!" ಎಂದರು ನಾಯಕಿ, "ನರಕ ಅಂತಿದೆ!" ನನಗೆ ಕೇಳಿದ್ದು "ಏಳು". ಬೆಳಗಿನ ಜಾವ ನನಗೆ ಕೇಳುವುದೇ ಅದು, ದೆವ್ವ ಇರಲಿ ಬಿಡಲಿ.

ಇವಳು ಮೆಲ್ಲಗೆ ಬಗ್ಗಿ ಕನ್ನಡದಲ್ಲಿ, "ನನಗೆ 'ಹೇಳು' ಅಂತ ಕೇಳಿಸ್ತು ಕಣ್ರೀ," ಅಂದಳು. ಕತ್ತಲಲ್ಲಿ ಮುಖ ಕಾಣಲಿಲ್ಲ. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿ ಆ ಮಂಡಿಯ ಸದ್ದು ಕೇಳಿದವಳು. ನನ್ನ ಹೊಟ್ಟೆ ತಣ್ಣಗಾಯಿತು. ಆ ರಾತ್ರಿ ನಾನು ನಿಜವಾಗಿ ಹೆದರಿದ್ದು ಆ ಕ್ಷಣದಲ್ಲಿ.

ಹೆದರಿಕೆಗೋ ಕಾಫಿಗೋ, ಬಾತ್‌ರೂಮಿಗೆ ಅವಸರವಾಯಿತು. ಹಳೆಯ ಕಾಲದ ಪಾಯಿಖಾನೆ ಅಲ್ಲೇ ಗೋಡೆಯ ದಪ್ಪದಲ್ಲಿ ಇತ್ತು, ಕಲ್ಲುಹಾಸಿನಲ್ಲಿ ಒಂದು ತೂತು, ಕೆಳಗೆ ನೇರ ಕಂದಕ. ಈಗ ಅದಕ್ಕೆ ಹಗ್ಗ ಕಟ್ಟಿ ಫಲಕ ಹಾಕಿದ್ದಾರೆ. ಹಗ್ಗದ ಈಚೆ ನಿಂತು ಒಂದು ಸಲ ಆಸೆಯಿಂದ ನೋಡಿ, ಈಗಿನ ಕಾಲದ್ದು ಅಂಗಳದಾಚೆ ಇದೆಯೆಂದು ಹೊರಟೆ. ಸಂಜೆಯಿಂದ ಚೀಲದಲ್ಲಿ ಹೊತ್ತಿಕೊಂಡೇ ಇದ್ದ ನನ್ನ ಟಾರ್ಚು ಎರಡನೇ ತಿರುವಿನಲ್ಲಿ ಆರಿತು. ಗೋಡೆ ತಡವುತ್ತ ಸಿಕ್ಕ ಮೆಟ್ಟಿಲು ಹಿಡಿದೆ. ಸುರುಳಿ ಮೆಟ್ಟಿಲು. ಅಂಗಳಕ್ಕೆ ಇಳಿಯಬೇಕಾದವನು ಹತ್ತುತ್ತಿದ್ದೇನೆ ಎಂದು ತಿಳಿಯುವಷ್ಟರಲ್ಲಿ ಬಹಳ ಹತ್ತಿದ್ದೆ.

ಒಂದು ಮೆಟ್ಟಿಲು, ಕಟಕ್. ಇನ್ನೊಂದು ಮೆಟ್ಟಿಲು, ಕಟಕ್. ನಾಲ್ಕು ಮೆಟ್ಟಿಲಿಗೊಮ್ಮೆ ನಿಂತು ಏದುಸಿರು.

ಮೇಲಿನ ಗೋಪುರದಲ್ಲಿ ಇನ್ನೊಂದು ತಂಡ ಕತ್ತಲಲ್ಲಿ ಕೂತಿದ್ದದ್ದು ನನಗೆ ಗೊತ್ತಿರಲಿಲ್ಲ. ನನಗೆ ಕೇಳಿದ್ದು ತೆಳ್ಳಗಿನ ಒಂದು ಪಿಸುಮಾತು: "ಬರ್ತಾ ಇದೆ."

ಬರ್ತಾ ಇದೆ ಅಂದರೆ ಎಲ್ಲಿಂದ? ಕೆಳಗಿನಿಂದ ತಾನೆ? ಕೆಳಗೆ, ನನ್ನ ಹಿಂದೆ! ನಾನು ಹಿಂದಿರುಗಿ ನೋಡುವ ಧೈರ್ಯವಿಲ್ಲದೆ ಜೋರಾಗಿ ಹತ್ತಿದೆ. ಮೇಲೆ ಚೀರಿದರು. ಅವರು ಚೀರಿದರೆಂದರೆ ಅದು ನನ್ನ ಬೆನ್ನಿಗೇ ಬಂದಿದೆ ಎಂದು ನಾನು ಇನ್ನೂ ಜೋರಾಗಿ ಹತ್ತಿದೆ, ಕಟಕ್ ಕಟಕ್ ಕಟಕ್. ಬಾಗಿಲು ತಳ್ಳಿದೆ. ಒಳಗಿನವರು ಕೂಗಿಕೊಂಡರು, ನಾನೂ ಕೂಗಿಕೊಂಡೆ, ಆಮೇಲೆ ಹೇಗೆ ಇಳಿದೆನೋ ಆ ದೇವರಿಗೇ ಗೊತ್ತು. ಇಳಿಯುವಾಗ ಮಂಡಿ ಒಮ್ಮೆಯೂ ಸದ್ದು ಮಾಡಲಿಲ್ಲ. ಅದಕ್ಕೂ ಹೆದರಿಕೆಯಾಗಿರಬೇಕು.

"ಎಲ್ಲಿ ಹೋಗಿದ್ರಿ?"

"ಬಾತ್‌ರೂಮಿಗೆ."

"ಆಯ್ತಾ?"

"ಇಲ್ಲ."

ಬೆಳಿಗ್ಗೆ ಆರಕ್ಕೆ ಎರಡೂ ತಂಡ ಭೋಜನಶಾಲೆಯಲ್ಲಿ ಸೇರಿತು. ವರದಿ ಬರೆಯುವ ಹೊತ್ತು. ಗೋಪುರದವರ ಕಣ್ಣಲ್ಲಿ ಇನ್ನೂ ಬೆಳಕಿತ್ತು. ಕಂಡದ್ದು ಒಬ್ಬ ಮುದುಕ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಬೆನ್ನು ಬಾಗಿದೆ. ಕುತ್ತಿಗೆಯಿಂದ ನೇಣಿನ ಹಗ್ಗ ಜೋತಾಡುತ್ತಿತ್ತು (ನನ್ನ ಮಫ್ಲರು). ಕುಂಟುತ್ತಾನೆ. ಉಸಿರಾಟ ಕೇಳಿದರೆ ಎದೆರೋಗದಿಂದ ಸತ್ತಿರಬೇಕು. ವಯಸ್ಸು ಎಪ್ಪತ್ತೈದು, ಕಡಿಮೆಯಂತೂ ಅಲ್ಲ.

"ಎಪ್ಪತ್ತೈದಾ?" ಎಂದೆ ನಾನು, ಬಾಯಿ ತಡೆಯಲಾರದೆ. "ಅರವತ್ತರ ಒಳಗೂ ಇರಬಹುದಲ್ಲ?"

"ನೀವು ನೋಡಿಲ್ಲ," ಎಂದರು ಗೋಪುರದವರೊಬ್ಬರು ಕನಿಕರದಿಂದ. ನಾಯಕಿ 'ಮೆಟ್ಟಿಲ ಮುದುಕ' ಎಂದು ಬರೆದು ಅಡಿಗೆರೆ ಎಳೆದರು. ಇವಳು ಕಪ್ಪಿನ ಹಿಂದೆ ಮುಖ ಮರೆಸಿಕೊಂಡು ಕಾಫಿ ಕುಡಿಯುತ್ತಲೇ ಇದ್ದಳು. ಕಪ್ಪು ಖಾಲಿಯಾಗಿ ಬಹಳ ಹೊತ್ತಾಗಿತ್ತು.

ಇನ್ನು ಸಾಕೆಂದು ನಾನು ಕುರ್ಚಿಯಿಂದ ಎದ್ದೆ.

ಕಟಕ್.

ಇಡೀ ಭೋಜನಶಾಲೆ ಸ್ತಬ್ಧವಾಯಿತು. ಎಲ್ಲರೂ ಸದ್ದು ಬಂದ ಕಡೆ ತಿರುಗಿದರು. ನಾನೂ ಅವರಂತೆಯೇ ಕುರ್ಚಿಯನ್ನು ನೋಡಿದೆ. ಎಂಜಿನಿಯರರು ಮಾತ್ರ ನೋಡಿದ್ದು ನನ್ನ ಮಂಡಿಯನ್ನು. ನಿಧಾನವಾಗಿ ಎದ್ದು ಬಂದರು. ಜೇಬಿನಿಂದ ಮೀಟರು ತೆಗೆದರು. ಬಗ್ಗಿ ಅದನ್ನು ನನ್ನ ಎಡ ಮಂಡಿಯ ಹತ್ತಿರ, ಸುತ್ತ, ಹಿಂದೆ ಹಿಡಿದು ನೋಡಿದರು. ಆಗಷ್ಟೇ ಫೋನ್ ಆಫ್ ಮಾಡಿದ್ದೆ. ಹಸಿರು ದೀಪ ಅಲ್ಲಾಡಲಿಲ್ಲ.

ಅವರು ನೆಟ್ಟಗಾಗಿ ನನ್ನ ಭುಜ ತಟ್ಟಿದರು.

"ಗಾಬರಿಯಾಗಬೇಡಿ," ಎಂದರು, "ಅದು ನಿಮ್ಮ ಮೈಗೆ ಅಂಟಿಕೊಂಡಿಲ್ಲ."